ಸದ್ದಿಲ್ಲದ ಕಾವಲು: ಅಂಗಡಿಯ ಬಿಲ್ಲೆ, ಹೆದ್ದಾರಿಯ ಫಾಸ್ಟ್ಯಾಗ್

ವಿಜಯನಗರಕ್ಕೆ ಹೋಗುವ ಅರಬ್ ಕುದುರೆಗಳು ಒಂದು ಕಾಲದಲ್ಲಿ ಭಟ್ಕಳ ಬಂದರಿನಲ್ಲಿ ಇಳಿಯುತ್ತಿದ್ದವು. ಇಂದು ಈ ಕರಾವಳಿಯ ಸರಕು ಸಾಗುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಹೊನ್ನಾವರ ದಾಟಿ ಕುಮಟಾ ಮುಟ್ಟುವ ಮೊದಲು ಹೊಳೆಗದ್ದೆ ಟೋಲ್ ಸಿಗುತ್ತದೆ. ಗಾಜಿಗೆ ಅಂಟಿಸಿದ ಚೀಟಿಯೇ ಅಲ್ಲಿ ಸುಂಕ ಕಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಎಂಬ ಈ ಚೀಟಿ ಕಡ್ಡಾಯ.

ಚೀಟಿಯೊಳಗೆ ಏನಿದೆ?
ಬ್ಯಾಟರಿ ಇಲ್ಲ. ತೆಳು ಲೋಹದ ಆಂಟೆನಾ, ಅದರ ನಡುವೆ ಸಾಸಿವೆಗಿಂತ ಸಣ್ಣ ಚಿಪ್. ಟೋಲ್‌ನ ರೀಡರ್ 865–867 ಮೆಗಾಹರ್ಟ್ಸ್ ರೇಡಿಯೊ ಅಲೆ ಹರಿಸುತ್ತದೆ. ಆ ಅಲೆಯಿಂದಲೇ ಶಕ್ತಿ ಹೀರಿ ಚಿಪ್ ತನ್ನ ಸಂಖ್ಯೆಯನ್ನು ಮರಳಿ ಹೇಳುತ್ತದೆ.

ಅಂಗಡಿಯ ಹಿರಿಯ ಬಂಧು
ಕಳವು ತಡೆಯುವ ಬಿಲ್ಲೆ 1960ರ ದಶಕದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಇದರ ಒಂದು ಬಗೆಯಲ್ಲಿ ಚಿಪ್ಪೇ ಇಲ್ಲ. ಲೋಹದ ಸುರುಳಿ ಮತ್ತು ಕೆಪಾಸಿಟರ್ ಮಾತ್ರ. ಬಾಗಿಲ ಕಂಬಗಳ 8.2 ಮೆಗಾಹರ್ಟ್ಸ್ ಅಲೆಗೆ ಅದು ಮಿಡಿದರೆ ಗಂಟೆ ಕೂಗುತ್ತದೆ. ಹಣ ಕೊಟ್ಟ ಮೇಲೆ ಕೌಂಟರಿನಲ್ಲಿ ಕೆಪಾಸಿಟರನ್ನು ಕೆಡಿಸಿ ಬಿಲ್ಲೆಯ ಬಾಯಿ ಮುಚ್ಚಿಸುತ್ತಾರೆ. ಈ ಬಿಲ್ಲೆ 'ನಾನಿದ್ದೇನೆ' ಎನ್ನುತ್ತದೆ, ಅಷ್ಟೇ. ಚಿಪ್ ಇರುವ ಚೀಟಿ 'ನಾನು ಇಂಥದ್ದು' ಎಂದೂ ಹೇಳುತ್ತದೆ. ಹಾಗಾಗಿ ಕಪಾಟಿನ ಅಂಗಿಗಳನ್ನು ಒಂದೊಂದಾಗಿ ಮುಟ್ಟದೆಯೇ ಎಣಿಸಬಹುದು.

ಗಮನಿಸಿ
ಬಟ್ಟೆಗೆ ಚುಚ್ಚುವ ಗಟ್ಟಿ ಬಿಲ್ಲೆಯನ್ನು ಕೈಯಿಂದ ಎಳೆದರೆ ಬಾರದು. ಒಳಗಿನ ಸ್ಪ್ರಿಂಗ್ ಮತ್ತು ಪುಟ್ಟ ಗುಂಡುಗಳು ಮೊಳೆಯನ್ನು ಕಚ್ಚಿ ಹಿಡಿದಿರುತ್ತವೆ, ಎಳೆದಷ್ಟೂ ಬಿಗಿಯುತ್ತವೆ. ಬಲವಾದ ಅಯಸ್ಕಾಂತದ ಮೇಲಿಟ್ಟರೆ ಗುಂಡುಗಳು ಸರಿಯುತ್ತವೆ, ಮೊಳೆ ಕಳಚಿಕೊಳ್ಳುತ್ತದೆ.