ಕಂಕನಾಡಿಯ ಧರ್ಮೌಷಧಾಲಯ

ಮಂಗಳೂರು ಸೀಮೆಯ ಕ್ರೈಸ್ತ ಸೇವೆಯೆಂದೊಡನೆ ಅಚ್ಚುಕೂಟ, ನಿಘಂಟು, ಹಂಚಿನ ಕಾರ್ಖಾನೆಗಳು ಸ್ಮರಣೆಗೆ ಬರುವುದು ವಾಡಿಕೆ. ಅವು ಬಾಸೆಲ್ ಮಿಶನ್ನಿನವರ ಕಾರ್ಯಗಳು; ಅವುಗಳಿಗೆ ಸಂದ ಕೀರ್ತಿಯು ಯೋಗ್ಯವಾದುದೇ. ಅದೇ ಪಟ್ಟಣದ ಕಂಕನಾಡಿಯ ವೃತ್ತಾಂತವು ಬೇರೆ ತೆರನಾದುದು. ಅಲ್ಲಿ ಮೊದಲಿಗಿದ್ದುದು ಒಂದು ಔಷಧದ ಪೆಟ್ಟಿಗೆ ಮತ್ತು, ಜನರ ಪ್ರತೀತಿಯಂತೆ, ಒಂದು ಆಲದ ಮರ.

ಆ ಪೆಟ್ಟಿಗೆಯ ಒಡೆಯರು ಫಾದರ್ ಆಗಸ್ಟಸ್ ಮುಲ್ಲರ್. 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿ, ಯೇಸುಸಭೆಯನ್ನು ಸೇರಿ, ಅಮೆರಿಕದಲ್ಲಿದ್ದ ಕಾಲದಲ್ಲಿ ಹೋಮಿಯೋಪತಿಯ ಪರಿಚಯವನ್ನು ಮಾಡಿಕೊಂಡವರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ಜೆಸುಯಿಟರ ತಂಡದಲ್ಲಿ ಇವರೂ ಒಬ್ಬರು. ಇವರಿಗೆ ಒಪ್ಪಿಸಿದ ಕೆಲಸವು ವೈದ್ಯವಲ್ಲ, ಅಧ್ಯಾಪನ. 1880ರ ಜನವರಿಯಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ, ಅದೇ ವರ್ಷ ಬಡವರಿಗಾಗಿ ಧರ್ಮೌಷಧಾಲಯವನ್ನು ಆರಂಭಿಸಿದರು. ಪಾಠದ ಬಳಿಕ ಉಳಿಯುವ ವೇಳೆಯು ಎಷ್ಟೆಂಬುದನ್ನೂ, ಅದರಲ್ಲಿ ದಣಿವು ಎಷ್ಟೆಂಬುದನ್ನೂ ಉಪಾಧ್ಯಾಯ ವೃತ್ತಿಯನ್ನು ನಡೆಸಿದವರು ಬಲ್ಲರು.

ಇಲ್ಲಿ ವಾಚಕರಿಗೆ ಒಂದು ಶಂಕೆಯು ಹುಟ್ಟುವುದು ಸಹಜ. ಆ ಸಕ್ಕರೆಗುಳಿಗೆಗಳಲ್ಲಿ ವಿಶೇಷ ಗುಣವುಂಟೆಂಬುದನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಹಾಗಾದರೆ ಕಂಕನಾಡಿಗೆ ಬಂದ ಬಡವನಿಗೆ ದೊರೆತುದೇನು? ಹೋಮಿಯೋಪತಿಯ ವೈದ್ಯನು ರೋಗದ ಹೆಸರನ್ನಷ್ಟೇ ಕೇಳಿ ಸುಮ್ಮನಾಗುವಂತಿಲ್ಲ. ರೋಗಿಯ ನಿದ್ರೆ, ಹಸಿವು, ಭಯ, ದುಃಖ ಎಲ್ಲವನ್ನೂ ವಿಚಾರಿಸಬೇಕು. ದೊಡ್ಡವರ ಎದುರಿಗೆ ಬಾಯಿ ತೆರೆಯಲೂ ಅಂಜುತ್ತಿದ್ದ ಕೂಲಿಯವನನ್ನು ಹತ್ತಿರ ಕರೆದು, ನಿನಗೆ ನಿದ್ರೆ ಬರುವುದೆ ಎಂದು ಕೇಳುವವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು? ಗುಳಿಗೆಯ ಸಂಗತಿ ಏನೇ ಇರಲಿ, ಈ ವಿಚಾರಣೆಯು ಸುಳ್ಳಾಗಿರಲಿಲ್ಲ.

ಕುಷ್ಠರೋಗಿಗಳ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಚರಕಸಂಹಿತೆಯು ಕುಷ್ಠವನ್ನು ಹದಿನೆಂಟು ಬಗೆಯಾಗಿ ಎಣಿಸಿದೆ. ಇಂದು ಸಾಮಾನ್ಯ ಚರ್ಮರೋಗಗಳೆನಿಸುವ ಎಷ್ಟೋ ಆ ಎಣಿಕೆಯಲ್ಲಿ ಸೇರಿವೆ. ಅವುಗಳಲ್ಲಿ ಅಂಗಗಳನ್ನೇ ತಿನ್ನುವ ಮಹಾರೋಗಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲಿ ಕಂಡನು. ಕಾರಣವು ತಿಳಿಯಿತು, ಔಷಧವು ತಿಳಿಯಲಿಲ್ಲ. ಮೊಲೊಕಾಯ್ ದ್ವೀಪದಲ್ಲಿ ರೋಗಿಗಳೊಡನೆ ಬಾಳಿದ ಫಾದರ್ ಡೇಮಿಯನ್ 1889ರಲ್ಲಿ ಅದೇ ರೋಗದಿಂದ ಮಡಿದರು. ಅದರ ಮರುವರ್ಷ, 1890ರಲ್ಲಿ, ಮುಲ್ಲರರು ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಗುಣಪಡಿಸುವ ಔಷಧವು ಅವರಲ್ಲಿ ಇರಲಿಲ್ಲ, ಲೋಕದಲ್ಲೇ ಇರಲಿಲ್ಲ. ಹುಣ್ಣನ್ನು ತೊಳೆದು ಕಟ್ಟುವುದು, ಅನ್ನವಿಡುವುದು, ಮಳೆಗಾಲದಲ್ಲಿ ನೆನೆಯದಂತೆ ಮಾಡನ್ನು ಕೊಡುವುದು, ಹೆಸರು ಹಿಡಿದು ಕರೆಯುವುದು: ಅಂದಿನ ಆಶ್ರಯವೊಂದು ಮಾಡಬಹುದಾಗಿದ್ದುದು ಇಷ್ಟೇ. ಮನೆಮಂದಿಯೇ ಹೊರಹಾಕಿದವನಿಗೆ ಇದು ಅಲ್ಪವೆಂದು ಹೇಳುವವರು ಯಾರು?

ಸರಕಾರವು ಕೈಗೊಂಡ ದಾರಿಯು ಬೇರೆ. 1898ರ ಕಾಯಿದೆಯು ನಿರ್ಗತಿಕ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿದು ಆಶ್ರಮದಲ್ಲಿ ಕೂಡಿಹಾಕಲು ಪೋಲೀಸರಿಗೆ ಅಧಿಕಾರವನ್ನು ಕೊಟ್ಟಿತು. ಕಾಯಿದೆಗೂ ಕರುಣೆಗೂ ಕಟ್ಟಡವು ಒಂದೇ ಬಗೆಯದಾಗಿ ತೋರಬಹುದು; ಒಳಗೆ ಬಂದವನು ಹಿಡಿದು ತಂದವನೋ, ಕರೆಸಿಕೊಂಡವನೋ ಎಂಬಲ್ಲಿ ಭೇದ.

ಇಷ್ಟಕ್ಕೆಲ್ಲ ಹಣವೆಲ್ಲಿಂದ? ದಾನಿಗಳ ಮುಂದೆ ಕೈಯೊಡ್ಡಿ ಕುಳಿತರೆ ಸಾಲದೆಂದರಿತ ಮುಲ್ಲರರು ಔಷಧಗಳನ್ನು ಸಿದ್ಧಪಡಿಸಿ ದೇಶದ ನಾನಾ ಭಾಗಗಳಿಗೆ ಅಂಚೆಯಲ್ಲಿ ಕಳುಹಿಸಿ ಮಾರಿದರು. ಕೊಳ್ಳಬಲ್ಲವರು ಕೊಟ್ಟ ಬೆಲೆಯು ಕೊಳ್ಳಲಾರದವರ ಅನ್ನವಾಯಿತು. ದಯೆಯುಳ್ಳವರಿಗೆ ಲೆಕ್ಕವು ಬಾರದೆಂಬ ಮಾತು ಇವರಿಗೆ ಸಲ್ಲದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ಕರಾವಳಿಗೂ ಹಬ್ಬಿದಾಗ, 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಅಲ್ಲಿ ಎದ್ದಿತು.

ಮುಲ್ಲರರು 1910ರ ನವೆಂಬರ್ 1ರಂದು ಮಂಗಳೂರಿನಲ್ಲಿಯೇ ತೀರಿಕೊಂಡರು. ಕುಷ್ಠಕ್ಕೆ ನಿಜವಾದ ಔಷಧವು ಕೈಗೆ ಬರಲು ಆ ಬಳಿಕ ಮೂವತ್ತು ವರ್ಷಗಳೇ ಬೇಕಾದವು; ಈಗ ಆರು ತಿಂಗಳಿಂದ ಒಂದು ವರ್ಷದೊಳಗೆ ಅದು ಗುಣವಾಗುತ್ತದೆ. ಅವರ ಧರ್ಮೌಷಧಾಲಯವು ಬೆಳೆದು ದೊಡ್ಡ ಆಸ್ಪತ್ರೆಯಾಗಿ, 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜನ್ನೂ ಪಡೆಯಿತು. 1898ರ ಆ ಕಾಯಿದೆಯು ರದ್ದಾದುದು 2016ರಲ್ಲಿ.