ಕೋಳಿಯೂ ಕಾಲವೂ

“ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?” ಎಂಬುದು ನಾವೆಲ್ಲರೂ ಬಲ್ಲ ಗಾದೆ. ಮಾಂಸ ಮುಟ್ಟದ ಮನೆಗಳಲ್ಲಿಯೂ ಇದನ್ನು ಧಾರಾಳವಾಗಿ ಆಡುವುದುಂಟು. ಬಲವುಳ್ಳವರು ಬಲವಿಲ್ಲದವರ ಒಪ್ಪಿಗೆಗೆ ಕಾಯುವುದಿಲ್ಲವೆಂಬುದು ಅದರ ತಾತ್ಪರ್ಯ. ಚರಿತ್ರೆಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಒರಳಿನಲ್ಲಿ ಮಸಾಲೆ ಅರೆಯುವ ಹೊತ್ತಿಗೆ ಕೋಳಿ ಇನ್ನೂ ಜೀವದಿಂದಿದೆ, ಕೇಳಬೇಕೆಂದರೆ ಕೇಳಬಹುದು! ಕೊಯ್ಯುವುದಕ್ಕೂ ಬೇಯಿಸುವುದಕ್ಕೂ ನಡುವಣ ಅಂತರ ಕೆಲವೇ ಗಳಿಗೆಗಳದು. ಕೋಳಿಮಾಂಸವನ್ನು ಕೆಡದಂತೆ ಇಡುವುದು ಹೇಗೆಂಬ ಪ್ರಶ್ನೆಯೇ ಆಗ ಏಳುತ್ತಿರಲಿಲ್ಲ. ಅಂಗಳದಲ್ಲಿ ಓಡಾಡುವ ಕೋಳಿಗಿಂತ ಕೆಡದ ಸಂಗ್ರಹ ಬೇರೆ ಯಾವುದಿದ್ದೀತು?

ಹಳ್ಳಿಯ ಮನೆಗಳಲ್ಲಿ ಆ ಕೆಲಸವೆಲ್ಲ ನಡೆಯುತ್ತಿದ್ದುದು ಹಿತ್ತಿಲಿನಲ್ಲಿ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳುವುದು, ಉರಿಯಲ್ಲಿ ಸುಡುವುದು, ಅರಿಸಿನ ಹಚ್ಚಿ ತೊಳೆಯುವುದು—ಎಲ್ಲವೂ ಅಲ್ಲಿಯೇ. ಒಳಗೆ ಬರುತ್ತಿದ್ದುದು ನೇರವಾಗಿ ಒಲೆಯ ಮೇಲಣ ಪಾತ್ರೆಗೆ. ನಾಟಿಕೋಳಿಯ ಗಟ್ಟಿ ಮಾಂಸ ಬೇಯಲು ಬಹಳ ಹೊತ್ತು ಬೇಕು. ಆದುದರಿಂದ ಅರೆಬೆಂದ ತುಂಡು ತಟ್ಟೆಗೆ ಬರುವ ಸಂಭವವೂ ಕಡಿಮೆ. ಸೂಕ್ಷ್ಮಜೀವಿಗಳ ಹೆಸರನ್ನೇ ಕೇಳದ ಆ ಅಡುಗೆಮನೆ ತನಗರಿಯದಂತೆಯೇ ಕ್ಷೇಮದ ನಿಯಮಗಳನ್ನು ಪಾಲಿಸುತ್ತಿತ್ತು.

ಸತ್ತ ಕೋಳಿಯನ್ನು ಕಾಲದಿಂದ ರಕ್ಷಿಸುವ ಹಂಬಲ ಮೊಳೆತುದು ಚಳಿಯ ನಾಡುಗಳಲ್ಲಿ. ಇಂಗ್ಲೆಂಡಿನ ತತ್ತ್ವಜ್ಞ ಫ್ರಾನ್ಸಿಸ್ ಬೇಕನ್ 1626ರಲ್ಲಿ ತೀರಿಕೊಂಡನಷ್ಟೆ. ಹಿಮ ಬಿದ್ದಿದ್ದ ದಿನ ಲಂಡನ್ನಿನ ಬಳಿಯ ಹೈಗೇಟಿನಲ್ಲಿ ಗಾಡಿ ನಿಲ್ಲಿಸಿ, ಕೋಳಿಯೊಂದನ್ನು ಕೊಂಡು, ಅದರ ಹೊಟ್ಟೆಗೆ ಹಿಮ ತುಂಬಿದನೆಂದೂ ಆಗ ತಗುಲಿದ ಶೀತದಿಂದಲೇ ಮಡಿದನೆಂದೂ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ವಿದ್ವಾಂಸರು ಈ ಕಥೆಯನ್ನು ಪೂರ್ತಿ ನಂಬುವುದಿಲ್ಲ. ಆದರೆ ವಸ್ತುಗಳನ್ನು ಕೆಡದಂತೆ ಇಡುವ ಪ್ರಯೋಗವು ಚೆನ್ನಾಗಿ ಫಲಿಸಿತೆಂದು ಬೇಕನನೇ ತನ್ನ ಕಡೆಯ ಪತ್ರದಲ್ಲಿ ತಿಳಿಸಿರುವುದು ನಿಜ.

ನಮ್ಮ ದೇಶಕ್ಕೆ ಆ ಶೀತವು ಹಡಗಿನಲ್ಲಿ ಬಂದಿತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟ ಹಡಗು ನಾಲ್ಕು ತಿಂಗಳು ಪ್ರಯಾಣ ಮಾಡಿ, ಕರಗಿ ಉಳಿದ ಸುಮಾರು 100 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಯಲ್ಲಿ ಇಳಿಸಿತು. ಮದರಾಸಿನ ಕಡಲತೀರದ ‘ಐಸ್ ಹೌಸ್’ ಅದೇ ವ್ಯಾಪಾರದ ಕುರುಹು; 1897ರಲ್ಲಿ ವಿವೇಕಾನಂದರು ತಂಗಿದ್ದ ಆ ಕಟ್ಟಡಕ್ಕೆ ಈಗ ಅವರದೇ ಹೆಸರು. ಆದರೆ ಆ ಮಂಜು ಉಳ್ಳವರ ಪಾನೀಯಕ್ಕೆ ಸಲ್ಲುತ್ತಿತ್ತೇ ಹೊರತು ಸಾಮಾನ್ಯರ ಅಡುಗೆಮನೆಗಲ್ಲ.

ಇತ್ತ ರೋಗದ ಮೂಲವನ್ನು ಅರಸುವ ಕಾರ್ಯವೂ ನಡೆದಿತ್ತು. 1885ರಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿ ಡೇನಿಯಲ್ ಸಾಲ್ಮನ್ ಎಂಬ ಪಶುವೈದ್ಯನ ಕೈಕೆಳಗೆ ದುಡಿಯುತ್ತಿದ್ದ ಥಿಯೊಬಾಲ್ಡ್ ಸ್ಮಿತ್, ಹಂದಿಗಳ ರೋಗವೊಂದರ ಕಾರಣವನ್ನು ಹುಡುಕುತ್ತ ಒಂದು ಸೂಕ್ಷ್ಮಜೀವಿಯನ್ನು ಕಂಡನು. ಆ ರೋಗಕ್ಕೆ ಕಾರಣ ಬೇರೆಯೆಂದು ಮುಂದೆ ಗೊತ್ತಾಯಿತು; ಆದರೆ ಜೀವಿಗೆ ಮೇಲಧಿಕಾರಿಯ ಹೆಸರು ಅಂಟಿ ‘ಸಾಲ್ಮೊನೆಲ್ಲ’ ಎಂದಾಯಿತು. ಕೋಳಿಯ ಕರುಳಿನಲ್ಲಿ ವಾಸಿಸುವ ಇನ್ನೊಂದು, ‘ಕ್ಯಾಂಪಿಲೊಬ್ಯಾಕ್ಟರ್’. ಜನರ ವಾಂತಿಭೇದಿಗೆ ಇದು ಪ್ರಮುಖ ಕಾರಣವೆಂಬುದು ಲೋಕಕ್ಕೆ ಚೆನ್ನಾಗಿ ಮನವರಿಕೆಯಾದುದು 1977ರಷ್ಟು ಈಚೆಗೆ, ಇಂಗ್ಲೆಂಡಿನ ವೈದ್ಯ ಸ್ಕಿರೊ ಬರೆದ ಲೇಖನದಿಂದ. ಇವು ಇರುವ ಮಾಂಸ ನೋಟದಲ್ಲಿಯಾಗಲಿ ವಾಸನೆಯಲ್ಲಿಯಾಗಲಿ ಕೆಟ್ಟಂತೆ ತೋರಬೇಕಾದುದಿಲ್ಲ. ಮೂಸಿ ನೋಡಿ ತೀರ್ಮಾನಿಸುವ ಹಳೆಯ ಪರೀಕ್ಷೆ ಇಲ್ಲಿ ಸೋತಿತು.

ಅಷ್ಟರಲ್ಲಿ ಕೋಳಿಯ ಬಾಳೇ ಬದಲಾಗಿತ್ತು. 1923ರಲ್ಲಿ ಅಮೆರಿಕದ ಡೆಲವೇರ್ ಸೀಮೆಯ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ 50 ಮರಿಗಳನ್ನು ಕೇಳಿದರೆ ತಪ್ಪಿ 500 ಬಂದುವಂತೆ. ಆಕೆ ಅವನ್ನು ಮಾಂಸಕ್ಕಾಗಿಯೇ ಸಾಕಿ ಮಾರಿ ಲಾಭ ಕಂಡಳು. ಬ್ರಾಯ್ಲರ್ ಉದ್ಯಮದ ಆರಂಭವನ್ನು ಅಲ್ಲಿಂದ ಎಣಿಸುವುದುಂಟು. ನಮ್ಮಲ್ಲಿ 1958ರಲ್ಲಿ ಗೋದ್ರೆಜ್ ಸಂಸ್ಥೆ ದೇಶದಲ್ಲಿಯೇ ಫ್ರಿಜ್ ತಯಾರಿಸತೊಡಗಿತು. ಕ್ರಮೇಣ ಕೊಯ್ದ ಕೋಳಿ ಚೀಲದಲ್ಲಿ ಮನೆಗೆ ಬಂದಿತು. ನಾವು ತಮಾಷೆಗೆ ‘ತಂಗಳು ಪೆಟ್ಟಿಗೆ’ ಎನ್ನುವ ಫ್ರಿಜ್ಜಿನಲ್ಲಿ ಕುಳಿತಿತು. ಗಾದೆಯ ಕಾಲದಲ್ಲಿ ಇಲ್ಲದಿದ್ದ ಅಂತರ ಈಗ ದಿನಗಟ್ಟಲೆ ಬೆಳೆಯಿತು.

ಈ ಅಂತರದಲ್ಲಿಯೇ ಅಪಾಯವಿರುವುದು. ಬೆಚ್ಚನೆಯ ಹವೆಯಲ್ಲಿ ಸಾಲ್ಮೊನೆಲ್ಲ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲದು. ಆ ಲೆಕ್ಕದಲ್ಲಿ ಒಂದು, ನಾಲ್ಕು ಗಂಟೆಗಳಲ್ಲಿ 4,096 ಆಗುತ್ತದೆ. 5 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ತಂಪು ಅದನ್ನು ತಡೆಯುತ್ತದೆ, ಆದರೆ ಕೊಲ್ಲುವುದಿಲ್ಲ. ಆದುದರಿಂದ ಹಸಿಮಾಂಸವನ್ನು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿರಿಸಿ ಒಂದೆರಡು ದಿನಗಳೊಳಗೆ ಬೇಯಿಸಬೇಕು. ಗಡ್ಡೆಗಟ್ಟಿದುದನ್ನು ಕಟ್ಟೆಯ ಮೇಲಲ್ಲ, ಫ್ರಿಜ್ಜಿನೊಳಗೇ ಕರಗಿಸಬೇಕು. ಮಾಂಸ ಕೊಯ್ದ ಚಾಕುವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯದೆ ಸೌತೆಕಾಯಿ ಮುಟ್ಟಬಾರದು.

ಕೋಳಿಯನ್ನು ತೊಳೆಯುವ ವಿಷಯವೇ ಅನೇಕರಿಗೆ ಒಪ್ಪಿಗೆಯಾಗದುದು. 2014ರಲ್ಲಿ ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಹಸಿಕೋಳಿಯನ್ನು ತೊಳೆಯಬೇಡಿರೆಂದು ಸಾರಿದಾಗ ಅಲ್ಲಿಯೂ ಜನ ಬೆರಗಾದರು. ಅಜ್ಜಿಯರು ತೊಳೆದುದು ತಪ್ಪೆಂದು ಇದರ ಅರ್ಥವಲ್ಲ. ಅವರು ತೊಳೆದುದು ಪುಕ್ಕ ಕಿತ್ತು ಸುಟ್ಟ ಕೋಳಿಯನ್ನು, ಅದೂ ಹಿತ್ತಿಲಿನಲ್ಲಿ. ನಾವು ತೊಳೆಯುವುದು ಅಂಗಡಿಯಲ್ಲಿ ಸ್ವಚ್ಛಮಾಡಿ ಕೊಟ್ಟ ತುಂಡುಗಳನ್ನು. ಪಕ್ಕದಲ್ಲಿ ಕೊತ್ತಂಬರಿ, ತೊಳೆದಿಟ್ಟ ತಟ್ಟೆಗಳು. ನಲ್ಲಿಯ ನೀರು ಸಿಡಿದು ಸೂಕ್ಷ್ಮಜೀವಿಗಳು ಅವುಗಳ ಮೇಲೆ ಬೀಳುತ್ತವೆ. ಆಚಾರವು ಒಳಗೆ ಬಂದಿತು. ಅದಕ್ಕೆ ಆಸರೆಯಾಗಿದ್ದ ಹಿತ್ತಿಲು ಮಾತ್ರ ಹೊರಗೇ ಉಳಿಯಿತು.

ಅಜ್ಜಿಯರ ಇನ್ನೊಂದು ನಿಯಮಕ್ಕೆ ಮಾತ್ರ ವಿಜ್ಞಾನವು ತಲೆಬಾಗಿದೆ. ಮಾಂಸದ ಒಡಲಿನವರೆಗೂ 74 ಡಿಗ್ರಿ ಶಾಖ ಮುಟ್ಟಿದರೆ ಈ ಜೀವಿಗಳು ಉಳಿಯವು. ಎಲುಬಿನ ಬಳಿಯೂ ಹಸಿಯುಳಿಯದಂತೆ ಸಾರನ್ನು ಕೊತಕೊತ ಕುದಿಸುವ ಕೈ ಅದಕ್ಕಿಂತ ಮೇಲಿನ ಶಾಖವನ್ನೇ ಕೊಡುತ್ತದೆ. ಆ ಒಂದು ನಿಯಮವನ್ನು ಬಿಡಲು ನಮಗೆ ಯಾವ ಕಾರಣವೂ ಇಲ್ಲ.