ಡಿಚ್‌ಪಲ್ಲಿಯ ಹಾದಿ: ಕುಷ್ಠರೋಗಿಗಳ ನಡುವೆ ಕ್ರೈಸ್ತ ಸೇವೆ

ಹೈದರಾಬಾದಿನ ಕನ್ನಡಿಗರಿಗೆ ಕಾಚಿಗೂಡ ಎಂದರೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಬೆಂಗಳೂರಿನ ರೈಲು. ಅದೇ ನಿಲ್ದಾಣದಿಂದ ನಿಜಾಮಾಬಾದಿನ ಕಡೆಗೆ ಹೊರಟರೆ ದಾರಿಯಲ್ಲಿ ಡಿಚ್‌ಪಲ್ಲಿ ಸಿಗುತ್ತದೆ. ಕುಷ್ಠರೋಗಿಗಳ ನಡುವೆ ಕ್ರೈಸ್ತ ಸೇವೆ ನಮ್ಮ ಕಡೆ ಹೇಗೆ ಬೆಳೆಯಿತು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಊರಿನ ಹೆಸರನ್ನೇ.

ಊರಾಚೆ ನೂಕಲ್ಪಟ್ಟ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟಿದ ಪ್ರಸಂಗ ಸುವಾರ್ತೆಯಲ್ಲಿದೆ. ಆ ಸ್ಪರ್ಶವನ್ನೇ ತಮಗೆ ಕೊಟ್ಟ ಆಜ್ಞೆ ಎಂದುಕೊಂಡವರಿಂದ ಈ ಕೆಲಸ ಶುರುವಾಯಿತು. ಐರಿಷ್ ಮಿಷನರಿ ವೆಲ್ಲೆಸ್ಲಿ ಬೈಲಿ 1874ರಲ್ಲಿ ಕುಷ್ಠರೋಗಿಗಳಿಗಾಗಿಯೇ ಒಂದು ಮಿಷನ್ ಕಟ್ಟಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಆಶ್ರಯಧಾಮ ತೆರೆದರು. ಆಗ ರೋಗ ಗುಣಪಡಿಸುವ ಔಷಧಿ ಇರಲಿಲ್ಲ. ಸೂರು, ಊಟ, ಹುಣ್ಣು ತೊಳೆದು ಕಟ್ಟುವ ಬಟ್ಟೆ, ಇಷ್ಟೇ. ಅನ್ನದ ಜೊತೆಗೆ ಉಪದೇಶವೂ ಬರುತ್ತಿತ್ತು, ಬೇರೆಲ್ಲೂ ಹೋಗಲಾರದವರು ಆಶ್ರಮದ ಕಟ್ಟಳೆಗಳಿಗೆ ತಲೆಬಾಗಬೇಕಿತ್ತು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಬೀದಿಯಲ್ಲಿದ್ದ ಬಡ ರೋಗಿಗಳನ್ನು ಹಿಡಿದು ಕೂಡಿಡಲು 1898ರ ಕಾಯ್ದೆ ಸರ್ಕಾರಕ್ಕೆ ಅಧಿಕಾರ ಕೊಟ್ಟಿದ್ದ ಕಾಲ ಅದು.

ಸ್ಕಾಟ್ಲೆಂಡಿನ ವೈದ್ಯೆ ಇಸಾಬೆಲ್ ಕೆರ್, ಪತಿ ಜಾರ್ಜ್ ಕೆರ್ ಜೊತೆ 1907ರಲ್ಲಿ ಮೆಥೋಡಿಸ್ಟ್ ಮಿಷನ್ನಿನಿಂದ ನಿಜಾಮರ ಸಂಸ್ಥಾನಕ್ಕೆ ಬಂದರು. ನಿಜಾಮಾಬಾದಿನಲ್ಲಿ ಕುಷ್ಠರೋಗಿಗಳಿಗೆ ಎಲ್ಲೂ ನೆಲೆಯಿಲ್ಲದ್ದನ್ನು ಕಂಡು ಅವರಿಗಾಗಿ ಕೆಲಸ ಆರಂಭಿಸಿದರು. ರಾಜಾ ನರ್ಸಾ ಗೌಡ್ ಎಂಬ ಹಿಂದೂ ದಾನಿ 1 ಲಕ್ಷ ರೂಪಾಯಿ ಕೊಟ್ಟರು. 1915ರಲ್ಲಿ ಡಿಚ್‌ಪಲ್ಲಿಯ ಆಸ್ಪತ್ರೆ ತೆರೆಯಿತು. ಮುಸ್ಲಿಂ ದೊರೆಯ ನೆಲ, ಹಿಂದೂವಿನ ಹಣ, ಕ್ರೈಸ್ತ ವೈದ್ಯೆಯ ದುಡಿಮೆ ಕೂಡಿದ್ದು ನನಗೆ ಇಂದಿಗೂ ಹಿಗ್ಗಿನ ಸಂಗತಿ. ಕಲ್ಕತ್ತೆಯಲ್ಲಿ ವೈದ್ಯ ಎರ್ನೆಸ್ಟ್ ಮ್ಯೂರ್ ಬೆಳೆಸಿದ ಗರುಡಫಲದ ಎಣ್ಣೆಯ ಇಂಜೆಕ್ಷನ್ ಇಲ್ಲಿಗೂ ಬಂತು. ನೋವಿನ ಸೂಜಿ, ದೀರ್ಘ ಚಿಕಿತ್ಸೆ, ಎಲ್ಲರಿಗೂ ಫಲಿಸುತ್ತಿರಲಿಲ್ಲ. ಆದರೂ ಸಾಯುವವರೆಗೆ ಇರುವ ಜಾಗವೆನಿಸಿದ್ದದ್ದು ವಾಸಿಯಾಗುವ ಆಸೆ ಇಟ್ಟುಕೊಂಡು ಬರುವ ಜಾಗವಾಯಿತು. ಇಸಾಬೆಲ್ ಕೆರ್ 1932ರಲ್ಲಿ ತೀರಿಕೊಂಡರು.

1940ರ ದಶಕದಲ್ಲಿ ಡ್ಯಾಪ್ಸೋನ್ ಎಂಬ ಔಷಧಿ ಬಂದ ಮೇಲೆ ರೋಗಾಣು ಸೋಲತೊಡಗಿತು. ಮುರುಟಿದ ಕೈ ಮಾತ್ರ ಹಾಗೆಯೇ ಉಳಿಯುತ್ತಿತ್ತು. ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಹಿಡಿದದ್ದು ಈ ಗಂಟನ್ನು. ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ. ನರ ಸತ್ತು ನೋವು ಗೊತ್ತಾಗದೆ, ಸುಟ್ಟು, ತರಚಿ, ಕೀವಾಗಿ ಸವೆಯುತ್ತವೆ ಎಂದು ಅವರು ತೋರಿಸಿಕೊಟ್ಟರು. ಗಟ್ಟಿಯಾಗಿರುವ ಸ್ನಾಯುರಜ್ಜುವನ್ನು ಬೇರೆಡೆಗೆ ಜೋಡಿಸಿ ಕೈ ಮತ್ತೆ ಹಿಡಿಯುವಂತೆ ಮಾಡಿದರು, ಮೆತ್ತನೆಯ ರಬ್ಬರಿನ ಪಾದರಕ್ಷೆ ಹೊಲಿಸಿದರು, ಮರಗೆಲಸ ಕಲಿಸಿದರು. ಈ ಇತಿಹಾಸದ ಅತಿ ದೊಡ್ಡ ತಿರುವು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ಸೇವೆ ರೋಗಿಯನ್ನು ಸಾಕುತ್ತಿತ್ತು. ಇಲ್ಲಿಂದ ಮುಂದೆ ಅವನನ್ನು ದುಡಿಯುವವನನ್ನಾಗಿ ಮನೆಗೆ ಕಳಿಸುವುದು ಅದರ ಗುರಿಯಾಯಿತು.

ಆಮೇಲೆ ಕೆಲಸ ಚರ್ಚಿನ ಅಂಗಳದಾಚೆಗೂ ಹಬ್ಬಿತು. ಹೈದರಾಬಾದಿನ ಕೂಕಟಪಲ್ಲಿಯಲ್ಲಿ ರಾಣಿ ಕುಮುದಿನಿ ದೇವಿ 1958ರಲ್ಲಿ ಶಿವಾನಂದ ಪುನರ್ವಸತಿ ಕೇಂದ್ರ ಕಟ್ಟಿದರು. ಚರ್ಚಿನ ಕೆಲಸವೂ ಮುಂದುವರಿಯಿತು: ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ, ದೇವರಾಜ ಅರಸರ ಸರ್ಕಾರ ಕೊಟ್ಟ ಜಾಗದಲ್ಲಿ, ಕ್ಯಾಥೊಲಿಕರ ಸುಮನಹಳ್ಳಿ ಪುನರ್ವಸತಿ ಕೇಂದ್ರ ತಲೆಯೆತ್ತಿತು.

1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ಈಗ 6 ಅಥವಾ 12 ತಿಂಗಳಲ್ಲಿ ರೋಗ ವಾಸಿಮಾಡುತ್ತಿದೆ. 2005ರ ಕೊನೆಗೆ ಭಾರತ ರೋಗಪ್ರಮಾಣವನ್ನು 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಸಿತು. 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠ ವಿಚ್ಛೇದನಕ್ಕೆ ಕಾರಣವೆಂಬ ಕಲಮು ಹೋದದ್ದು 2019ರಲ್ಲಿ. ಔಷಧಿಗಿಂತ ಕಾನೂನು ಎಷ್ಟು ಹಿಂದೆ ಬಿತ್ತು ನೋಡಿ! ಇಂದಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ವಾಸಿಯಾದ ಮೇಲೂ ಸ್ಪರ್ಶಜ್ಞಾನ ಮರಳದ ಪಾದಗಳಿಗೆ ದಿನವೂ ಆರೈಕೆ ಬೇಕು, ವರ್ಷವರ್ಷವೂ ಹೊಸ ಪಾದರಕ್ಷೆ ಬೇಕು. ಮಿಷನ್ ಆಸ್ಪತ್ರೆಗಳು ನೂರು ವರ್ಷ ಕಲಿತ ಈ ಕೆಲಸಕ್ಕೆ ಇಂದು ಕೈಗಳೂ ಹಣವೂ ಬೇಕಾಗಿವೆ.